‘ಬೇಡ’ ಎನ್ನುವ ಗುಂಡಿ

ಲೆಕ್ಕಪತ್ರದ ಕಚೇರಿಗಳಲ್ಲಿ ಮಾರ್ಚ್ 31ರಂದು ಊಟದ ಹೊತ್ತು ಯಾರಿಗೂ ನೆನಪಾಗುವುದಿಲ್ಲ. ಹೊರಗಿನ ಜಗತ್ತಿನಲ್ಲಿ ಕೆಲವರು ಇದೇ ದಿನವನ್ನು ‘ವಿಶ್ವ ಬ್ಯಾಕಪ್ ದಿನ’ ಎಂದು ಆಚರಿಸುತ್ತಾರೆ. 2011ರಿಂದ ನಡೆದುಬಂದಿದೆ. ಮಾರನೆಯ ದಿನ ಏಪ್ರಿಲ್ ಫೂಲ್ ಆಗಬೇಡಿ, ಇವತ್ತೇ ಕಾಪಿ ಇಟ್ಟುಕೊಳ್ಳಿ ಎನ್ನುವುದು ಅವರ ಲೆಕ್ಕಾಚಾರ. ನಮ್ಮ ಇಯರ್ ಎಂಡಿಂಗ್ ಗಲಾಟೆಯಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ. ಎಕ್ಸೆಲ್ ಫೈಲು ಕೈಕೊಡಲೇಬಾರದ ದಿನ ಅಂತ ಒಂದಿದ್ದರೆ ಅದೂ ಅದೇ ದಿನ!

ಮೊದಲೆಲ್ಲ ಕರೆಂಟು ಹೋಗಿ ಯುಪಿಎಸ್ ಕುಯ್ಯೆಂದಿತೋ, ಇಡೀ ಹಾಲಿನಲ್ಲಿ ಕೀಬೋರ್ಡುಗಳು ಒಟ್ಟಿಗೇ ಟಕ್ಕೆನ್ನುತ್ತಿದ್ದವು. ಕಂಟ್ರೋಲ್ ಎಸ್, ಅಂದರೆ ಸೇವ್. ಆಗ ಪಳಗಿದ ಬೆರಳುಗಳು ಇವತ್ತಿಗೂ ಗೂಗಲ್ ಶೀಟ್ಸ್‌ನಲ್ಲೂ ಅದನ್ನೇ ಒತ್ತುತ್ತವೆ. ಅಲ್ಲಿ ಅದರ ಅಗತ್ಯವೇ ಇಲ್ಲ, ಬರೆದದ್ದೆಲ್ಲ ಬರೆಯುತ್ತಿದ್ದಂತೆಯೇ ಸೇವ್ ಆಗಿರುತ್ತದೆ. ಬೆರಳಿಗೆ ಅದನ್ನು ಹೇಳುವವರು ಯಾರು?

ಎಕ್ಸೆಲ್‌ನ ‘ಆಟೋರಿಕವರ್’ ಬೇರೆ ಜಾತಿಯದು. ನಾವು ಬದಲಿಸದಿದ್ದರೆ ಹತ್ತು ನಿಮಿಷಕ್ಕೊಮ್ಮೆ ಒಂದು ಪ್ರತಿಯನ್ನು ಎಲ್ಲೋ ಮರೆಯಲ್ಲಿ ಎತ್ತಿಡುತ್ತದೆ. ಎಕ್ಸೆಲ್ ಕುಸಿದು ಬಿದ್ದು ಮತ್ತೆ ತೆರೆದಾಗ ‘ಇಗೋ, ಇಷ್ಟು ಸಿಕ್ಕಿತು’ ಎಂದು ಮುಂದಿಡುತ್ತದೆ. ಆದರೆ ಒಂಬತ್ತನೇ ನಿಮಿಷಕ್ಕೆ ಕರೆಂಟು ಹೋದರೆ ಆ ಒಂಬತ್ತು ನಿಮಿಷದ ಲೆಕ್ಕ ಗೋವಿಂದ. 2017ರಲ್ಲಿ ಬಂದ ‘ಆಟೋಸೇವ್’ ಹೆಚ್ಚು ಚುರುಕಿನದು, ಕೆಲವೇ ಸೆಕೆಂಡಿಗೊಮ್ಮೆ ಉಳಿಸುತ್ತದೆ. ಆದರೆ ಒಂದು ಷರತ್ತು: ಫೈಲು ಒನ್‌ಡ್ರೈವ್, ಶೇರ್‌ಪಾಯಿಂಟ್ ಎಂಬ ಮೈಕ್ರೋಸಾಫ್ಟ್‌ನ ಆನ್‌ಲೈನ್ ಉಗ್ರಾಣಗಳಲ್ಲಿ ಇರಬೇಕು. ನಮ್ಮವರದು ಇರುವುದು ಡಿ ಡ್ರೈವ್‌ನಲ್ಲಿ. ಕಂಪ್ಯೂಟರ್ ಕೆಟ್ಟರೆ ರಿಪೇರಿ ಹುಡುಗ ಸಿ ಡ್ರೈವ್ ಫಾರ್ಮ್ಯಾಟ್ ಮಾಡುತ್ತಾನೆ, ಡಿ ಮುಟ್ಟುವುದಿಲ್ಲ ಎಂಬ ಧೈರ್ಯ. ಎಷ್ಟೋ ಕಂಪ್ಯೂಟರುಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಪಾಲುಗಳು, ಹೋದರೆ ಜೊತೆಯಾಗಿಯೇ ಹೋಗುತ್ತವೆ ಎಂದರೆ ‘ಸುಮ್ನಿರಿ ಸಾರ್, ಹೆದರಿಸ್ಬೇಡಿ’ ಎನ್ನುತ್ತಾರೆ.

ಈ ಆಟೋಸೇವ್‌ನ ನಿಷ್ಠೆಯ ಮೇಲೆಯೇ ನನಗೆ ಸ್ವಲ್ಪ ತಕರಾರಿದೆ. ಹಿಂದೆ ಫೈಲು ಮುಚ್ಚುವಾಗ ಎಕ್ಸೆಲ್ ‘ಸೇವ್ ಮಾಡಲೇ?’ ಎಂದು ಕೇಳುತ್ತಿತ್ತು. ‘ಬೇಡ’ ಎನ್ನುವ ಒಂದು ಗುಂಡಿ ಇತ್ತು. ಆ ಗುಂಡಿಯ ಭರವಸೆಯಲ್ಲಿ ಏನೇನು ಆಟ ಆಡಬಹುದಿತ್ತು! ಎಲ್ಲರ ಸಂಬಳ ದುಪ್ಪಟ್ಟು ಮಾಡಿ ಮೊತ್ತ ನೋಡಬಹುದು, ಸಾಲದ ಬಡ್ಡಿಯನ್ನು ಸೊನ್ನೆಗಿಳಿಸಿ ಒಂದು ನಿಮಿಷ ಸುಖಪಡಬಹುದು, ಆಮೇಲೆ ‘ಬೇಡ’ ಒತ್ತಿ ಏನೂ ಅರಿಯದವರಂತೆ ಎದ್ದು ಕಾಫಿಗೆ ಹೋಗಬಹುದು. ಈಗ ಹೋದ ವರ್ಷದ ಬಜೆಟ್ ತೆರೆದು, ಅದನ್ನೇ ಮಾದರಿ ಮಾಡಿಕೊಳ್ಳೋಣವೆಂದು ಹಳೆಯ ಅಂಕಿ ಅಳಿಸತೊಡಗಿದರೆ, ಬೇರೆ ಹೆಸರಿಡುವಷ್ಟರಲ್ಲಿ ಹೋದ ವರ್ಷವೇ ಅಳಿಸಿಹೋಗಿ ಅಚ್ಚುಕಟ್ಟಾಗಿ ಸೇವ್ ಆಗಿರುತ್ತದೆ. ‘ವರ್ಷನ್ ಹಿಸ್ಟರಿ’ಗೆ ಹೋಗಿ ಹಳೆಯ ಪ್ರತಿಯನ್ನು ವಾಪಸು ತರಬಹುದು, ನಿಜ. ಹಾಗೊಂದು ಬಾಗಿಲಿದೆ ಎಂದು ಗೊತ್ತಿರುವವರು ಅಂಥ ಫಜೀತಿಗೆ ಸಿಕ್ಕಿಬೀಳುವುದು ಕಡಿಮೆ.

ಸೇವ್ ಮಾಡುವುದು ಈ ಕ್ಷಣವನ್ನು, ಬ್ಯಾಕಪ್ ಬೇಕಾಗುವುದು ನಿನ್ನೆಗೆ. ನಮ್ಮ ಮನೆಗಳಲ್ಲಿ ಹೆಪ್ಪು ಕೆಟ್ಟ ದಿನ ಲೋಟ ಹಿಡಿದು ಪಕ್ಕದ ಮನೆಗೆ ಹೋಗುತ್ತಿದ್ದರಲ್ಲ, ಬ್ಯಾಕಪ್ಪಿನ ಮರ್ಮ ಅಷ್ಟೇ: ಇನ್ನೊಂದು ಪ್ರತಿ ಇನ್ನೊಂದು ಸೂರಿನಡಿ ಇರಬೇಕು. ಕಂಪ್ಯೂಟರಿನ ಕೆಳಗಿನ ಡ್ರಾಯರಿನಲ್ಲೇ ಬಿದ್ದಿರುವ ಪೆನ್‌ಡ್ರೈವ್ ಆ ಲೆಕ್ಕಕ್ಕೆ ಬರುವುದಿಲ್ಲ. ತನಗೆ ತಾನೇ ವಾಟ್ಸಾಪ್‌ನಲ್ಲಿ ಫೈಲು ಕಳಿಸಿಕೊಳ್ಳುವವರು ಅದಕ್ಕಿಂತ ವಾಸಿ. ನಗಬೇಡಿ.

ಎಕ್ಸೆಲ್‌ನಲ್ಲೇ ಒಂದು ಹಳೆಯ ಉಪಾಯವಿದೆ. ‘ಸೇವ್ ಆ್ಯಸ್’ ಪೆಟ್ಟಿಗೆಯ ‘ಟೂಲ್ಸ್’, ಅದರೊಳಗೆ ‘ಜನರಲ್ ಆಪ್ಷನ್ಸ್’. ಅಲ್ಲೊಂದು ಟಿಕ್ ಹಾಕಿದರೆ ಪ್ರತಿ ಸಲ ಸೇವ್ ಮಾಡಿದಾಗಲೂ ಅದರ ಹಿಂದಿನ ಪ್ರತಿ ‘ಬ್ಯಾಕಪ್ ಆಫ್’ ಎಂಬ ಹೆಸರು ಹೊತ್ತು, ಎಕ್ಸ್‌ಎಲ್‌ಕೆ ಎಂಬ ಬಾಲ ಅಂಟಿಸಿಕೊಂಡು ಪಕ್ಕದಲ್ಲೇ ಕೂರುತ್ತದೆ. ಇದನ್ನು ಯಾರಾದರೂ ಉತ್ಸಾಹಿಗಳು ಮಾಡಿಟ್ಟರೂ ಹೆಚ್ಚು ದಿನ ಬಾಳುವುದಿಲ್ಲ. ಫೋಲ್ಡರ್ ಚೊಕ್ಕ ಮಾಡುವ ಇನ್ನೊಬ್ಬರು ಇದ್ದೇ ಇರುತ್ತಾರೆ. ‘ಇದ್ಯಾವುದ್ರೀ ವಿಚಿತ್ರ ಫೈಲು, ವೈರಸ್ ಇರಬೇಕು’ ಎಂದು ಡಿಲೀಟ್ ಒತ್ತಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿಯೇ ಏಳುತ್ತಾರೆ.