ಅಜ್ಜಿಯ ರೂಪಾಯಿ, ಮೇಳದ ರೂಪಾಯಿ

ಮೇಜಿನ ಮೇಲೆ ಎರಡು ಬೆಳ್ಳಿ ರೂಪಾಯಿ ಇಟ್ಟುಕೊಂಡು ಕೂತಿದ್ದೇನೆ. ಎರಡೂ ಐದನೇ ಜಾರ್ಜ್ ತಲೆಯವು, ಎರಡೂ 1918ರವು. ಒಂದು ಅಜ್ಜಿಯ ಟ್ರಂಕಿನಲ್ಲಿ ಸಿಕ್ಕಿದ್ದು. ಇನ್ನೊಂದು ನಾಣ್ಯ ಮೇಳದಲ್ಲಿ ಮಾಮೂಲಿಗಿಂತ ಮೂರು ಪಟ್ಟು ದುಡ್ಡು ಕೊಟ್ಟು ತಂದಿದ್ದು. "ಸರ್, ನ್ಯಾಚುರಲ್ ಟೋನಿಂಗ್, ಕಾಮನಬಿಲ್ಲು ನೋಡಿ, ಇಂಥದ್ದು ಮತ್ತೆ ಸಿಗಲ್ಲ" ಅಂದಿದ್ದರು ಮಾರಿದವರು. ನ್ಯಾಚುರಲ್ ಟೋನಿಂಗ್ ಅಂದರೆ ಹಳೆ ಬೆಳ್ಳಿಗೆ ತಾನಾಗಿ ಬಂದ ಬಣ್ಣ. ನಂಬಿದೆ. ಮನೆಗೆ ಬಂದು ಕವರ್ ಬಿಚ್ಚಿದರೆ ಕೊಳೆತ ಮೊಟ್ಟೆಯ ವಾಸನೆ.

ಬೆಳ್ಳಿಗೆ ಗಂಧಕ ತಾಗಿದರೆ ಮೇಲೆ ಸಿಲ್ವರ್ ಸಲ್ಫೈಡಿನ ತೆಳು ಪದರ ಕೂರುತ್ತದೆ. ಮಳೆ ನೀರಿನ ಮೇಲೆ ಪೆಟ್ರೋಲ್ ಬಿದ್ದಾಗ ಬಣ್ಣ ಕಾಣುತ್ತಲ್ಲ, ಇಲ್ಲೂ ಅದೇ ಕಥೆ. ಪದರ ದಪ್ಪ ಆದ ಹಾಗೆ ಮೊದಲು ತಿಳಿ ಹಳದಿ, ಆಮೇಲೆ ಕೆಂಪು, ನೇರಳೆ, ನೀಲಿ. ತುಂಬಾ ದಪ್ಪ ಆದರೆ ಕಪ್ಪು. ಕಾಗದ, ರಟ್ಟು, ಉಣ್ಣೆ ಬಟ್ಟೆ, ಗಾಳಿ, ಎಲ್ಲದರಿಂದಲೂ ಈ ಗಂಧಕ ಬರುತ್ತದೆ, ಆದರೆ ಹತ್ತಾರು ವರ್ಷ ಬೇಕು. ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಕೆಲವೇ ಗಂಟೆ ಸಾಕು.

"ಎರಡೂ ಅದೇ ಸಲ್ಫೈಡ್ ತಾನೇ, ಬಣ್ಣ ಚೆನ್ನಾಗಿದ್ದರೆ ಸಾಲದಾ?" ಅಂತ ಕೆಲವರು ಕೇಳುತ್ತಾರೆ. ಸಾಲದು. ಹೇಗೆ ಅಂತ ಈ ಎರಡನ್ನೇ ಇಟ್ಟುಕೊಂಡು ಹೇಳುತ್ತೇನೆ.

ನಮ್ಮ ಮನೆಯ ಬೇರೆ ರೂಪಾಯಿಗಳೆಲ್ಲ ಲಕ್ಷ್ಮಿ ಪೂಜೆಗೆ ಅಂತ ಪ್ರತಿ ವರ್ಷ ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಿಸಿಕೊಂಡು ನುಣ್ಣಗಾಗಿವೆ. ಇದೊಂದು ಕಾಗದದಲ್ಲಿ ಸುತ್ತಿಕೊಂಡು ಟ್ರಂಕಿನ ತಳದಲ್ಲಿ ಉಳಿದಿತ್ತು. ಅಂಚಿನಲ್ಲಿ ನೀಲಿ, ಸ್ವಲ್ಪ ಒಳಗೆ ನೇರಳೆ, ಆಮೇಲೆ ಜೇನಿನ ಬಣ್ಣ, ನಡುವೆ ರಾಜನ ಕೆನ್ನೆ ಇನ್ನೂ ಬೆಳ್ಳಿಯೇ. ಒಂದು ಬಣ್ಣ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲಾಗದು. ಕಿಟಕಿ ಬೆಳಕಿಗೆ ಓರೆ ಮಾಡಿದರೆ ಬಣ್ಣದ ಕೆಳಗೆ ಟಂಕಸಾಲೆಯ ಹೊಳಪು ಚಕ್ರದ ಹಾಗೆ ತಿರುಗುತ್ತದೆ.

ಮೇಳದ ನಾಣ್ಯದಲ್ಲಿ ಹಳದಿ ಹಂತವೇ ಇಲ್ಲ. ಇಡೀ ಮುಖಕ್ಕೆ ಒಂದೇ ಕಡುನೀಲಿ, ಒಂದು ಕಡೆ ನೀರು ಚೆಲ್ಲಿದ ಕಲೆಯ ಹಾಗೆ ಥಟ್ಟನೆ ನಿಂತಿದೆ. ಓರೆ ಮಾಡಿದರೂ ಹೊಳಪು ಏಳುವುದಿಲ್ಲ. ಲೆನ್ಸ್ ಹಿಡಿದು ನೋಡಿದೆ. ಬಣ್ಣದ ಅಡಿಯಲ್ಲಿ ಕೂದಲೆಳೆಯಂಥ ಗೆರೆಗಳು, ಎಲ್ಲ ಒಂದೇ ದಿಕ್ಕಿಗೆ. ಯಾರೋ ಮೊದಲು ಗಸಗಸ ಉಜ್ಜಿ ಹಾಳು ಮಾಡಿ, ಆಮೇಲೆ ಅದನ್ನು ಮುಚ್ಚಲು ಬಣ್ಣ ಬರಿಸಿದ್ದಾರೆ. ನನಗೆ ಸಿಟ್ಟು ಬಂದದ್ದು ಇದಕ್ಕೇ, ಹೋದ ದುಡ್ಡಿಗಲ್ಲ.

ಬಣ್ಣ ಬಂದ ನಾಣ್ಯದ ಈ ಹುಚ್ಚು ಜೋರಾಗಿರುವುದು ಅಮೆರಿಕದ ಮಾರ್ಗನ್ ಡಾಲರ್ ಅನ್ನುವ ಹಳೆ ಬೆಳ್ಳಿ ನಾಣ್ಯ ಸಂಗ್ರಹಿಸುವವರಲ್ಲಿ. ಆ ನಾಣ್ಯಗಳು ಸಾವಿರ ಸಾವಿರದ ಲೆಕ್ಕದಲ್ಲಿ ಕ್ಯಾನ್ವಾಸ್ ಚೀಲ ಸೇರಿ ಖಜಾನೆಯಲ್ಲಿ ದಶಕಗಟ್ಟಲೆ ಬಿದ್ದಿದ್ದವು. ಬಟ್ಟೆಗೆ ತಾಗಿದ ಕಡೆ ಬಣ್ಣ, ಪಕ್ಕದ ನಾಣ್ಯ ಮುಚ್ಚಿದ ಕಡೆ ಬೆಳ್ಳಿ. ಕೆಲವದರ ಮೇಲೆ ನೇಯ್ಗೆಯ ಗುರುತೂ ಇರುತ್ತದೆ. ಅಂದ ಹಾಗೆ ನಮಗೂ ಅವಕ್ಕೂ ನಂಟಿದೆ. 1918ರ ಪಿಟ್ಮನ್ ಕಾಯ್ದೆಯಲ್ಲಿ ಅಮೆರಿಕ ಸುಮಾರು 27 ಕೋಟಿ ಡಾಲರ್ ನಾಣ್ಯ ಕರಗಿಸಿತು, ಅದರ ಬೆಳ್ಳಿಯಲ್ಲಿ ಬಹುಪಾಲು ಬ್ರಿಟಿಷರು ಕೊಂಡಿದ್ದು ಇಲ್ಲಿ ರೂಪಾಯಿ ಟಂಕಿಸಲು. ಚೀಲದಲ್ಲಿ ಉಳಿದವಕ್ಕೆ ಬಣ್ಣ ಬಂತು, ಕರಗಿದವು ನಮ್ಮ ಅಜ್ಜಿಯರ ಟ್ರಂಕು ಸೇರಿದವು.

ಎಲ್ಲ ನಾಣ್ಯದಲ್ಲೂ ಇಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ ಅನ್ನುವುದೂ ನಿಜ. ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಅಮೆರಿಕದ ಸಂಸ್ಥೆ ಪಿಸಿಜಿಎಸ್‌ನವರೇ ಅನುಮಾನ ಬಂದ ನಾಣ್ಯಕ್ಕೆ 'ಕ್ವೆಶ್ಚನಬಲ್ ಕಲರ್' ಅಂತಷ್ಟೇ ಬರೆಯುತ್ತಾರೆ. ಹಾಗಾಗಿ ಹೊಸಬರಿಗೆ ನನ್ನ ಮಾತು ಇಷ್ಟೇ: ಮೊದಲು ಒಂದು ವರ್ಷ ಬಣ್ಣಕ್ಕೆ ಅಂತ ಜಾಸ್ತಿ ದುಡ್ಡು ಕೊಡಬೇಡಿ, ಸುಮ್ನೆ ನೋಡಿ. ಫೋಟೋ ನೋಡಿ ಅಂತೂ ಬೇಡವೇ ಬೇಡ. ಮಾರುವವರೇ, ಬಣ್ಣ ಬರಿಸಿದ್ದರೆ ಕವರಿನ ಮೇಲೆ ಬರೆದುಬಿಡಿ.

ನನ್ನ ಮೇಳದ ರೂಪಾಯಿಯ ಕವರಿನ ಮೇಲೆ ನಾನೇ ಬರೆದಿಟ್ಟಿದ್ದೇನೆ, 'ಬಣ್ಣ ಬರಿಸಿದ್ದು'. ನಾಳೆ ನನ್ನ ಮಕ್ಕಳು ಮಾರಲು ಹೋದರೂ ಕೊಳ್ಳುವವರಿಗೆ ಗೊತ್ತಿರಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅನ್ನುವವರು ಮೆಸೇಜ್ ಮಾಡಿ, ಬಿಸಿಲಿರುವ ದಿನ ಬನ್ನಿ.