ಸೋತವನ ಹೆಸರು, ಊರು

ಕುಸ್ತಿಯಲ್ಲಿ ಸೋತರೆ ಏನು ಹೋಗುತ್ತದೆ? ಪದಕ ಹೋಗಬಹುದು, ದುಡ್ಡು ಹೋಗಬಹುದು. ಮೆಕ್ಸಿಕೊದವರ ಕುಸ್ತಿ ಲೂಚಾ ಲಿಬ್ರೆಯಲ್ಲಿ ಗುಟ್ಟೇ ಹೋಗುತ್ತದೆ. ಅಲ್ಲಿ ಪೈಲ್ವಾನರು ಮುಖವಾಡವನ್ನೇ ಪಣಕ್ಕಿಟ್ಟು ಆಡುವುದುಂಟು. ಸೋತವನು ರಿಂಗಿನ ನಡುವೆ ನಿಂತು ಅದನ್ನು ಕಳಚಬೇಕು. ಅಷ್ಟಕ್ಕೇ ಬಿಡುವುದಿಲ್ಲ. ನಿಜವಾದ ಹೆಸರೇನು, ಊರು ಯಾವುದು, ಎಷ್ಟು ವರ್ಷದಿಂದ ಕುಸ್ತಿ ಆಡುತ್ತಿದ್ದಾನೆ, ಎಲ್ಲ ಜನರಿಗೆ ಗೊತ್ತಾಗಬೇಕು. ಥೇಟ್ ರೇಷನ್ ಕಾರ್ಡಿನ ಅರ್ಜಿ! ಈಗಷ್ಟೇ ರಾಕ್ಷಸನ ಹಾಗೆ ಗುಡುಗುತ್ತಿದ್ದವನು ಕೂದಲು ಕೆದರಿ, ಬೆವರು ಸುರಿಸುತ್ತಾ, ಯಾರದೋ ಮನೆಯ ಯಜಮಾನನಾಗಿ ನಿಂತಿರುತ್ತಾನೆ. ಎಂಥ ಖಳನಾದರೂ ಆಗ ನನಗೆ ಪಾಪ ಅನ್ನಿಸಿಬಿಡುತ್ತದೆ.

ಇಂಥ ಮುಖವಾಡಗಳನ್ನು 1930ರ ದಶಕದಲ್ಲಿ ಮೊದಮೊದಲು ಹೊಲಿದುಕೊಟ್ಟವನು ಅಂತೋನಿಯೊ ಮಾರ್ತಿನೆಸ್. ಕಸುಬಿನಲ್ಲಿ ಶೂ ಮಾಡುವವನು. ಅದಕ್ಕೋ ಏನೋ, ಮುಖವಾಡದ ಹಿಂಭಾಗ ನೋಡಿದರೆ ಶೂ ನೆನಪಾಗುತ್ತದೆ: ತಲೆಯ ಹಿಂದೆ ಸಾಲು ತೂತು, ಅದರಲ್ಲಿ ಬಿಗಿಯಾಗಿ ಎಳೆದ ಲೇಸು. ಮಾಮೂಲಿ ಪಂದ್ಯದಲ್ಲಿ ಎದುರಾಳಿಯ ಮುಖವಾಡ ಕಿತ್ತರೆ ಆಟದಿಂದ ಔಟ್. ಆದರೂ ರೂಡೊಗಳ ಬೆರಳು ಹೋಗುವುದು ಆ ಲೇಸಿಗೇ. ರೂಡೊ ಅಂದರೆ ನಿಯಮ ಗಾಳಿಗೆ ತೂರುವ ಖಳ. ನೀಟಾಗಿ ಆಡುವವನು ತೆಕ್ನಿಕೊ. ಗಂಟು ಸಡಿಲವಾಗುವ ಹೊತ್ತಿಗೆ ರೆಫರಿ ಬೇರೆಲ್ಲೋ ನೋಡುತ್ತಿರುತ್ತಾನೆ, ಅದು ಬೇರೆ ಮಾತು.

ಮಜಾ ಇರುವುದು ಎಲ್ ಸಾಂತೊ ಅನ್ನೋ ಪೈಲ್ವಾನನ ವಿಷಯದಲ್ಲಿ. ಹೆಸರಿಗೆ ಸಂತ, ಮುಖಕ್ಕೆ ಬೆಳ್ಳಿ ಬಣ್ಣ. ಆದರೆ 1942ರಲ್ಲಿ ಆ ವೇಷದಲ್ಲಿ ರಿಂಗಿಗೆ ಬಂದಾಗ ಅವನೊಬ್ಬ ರೂಡೊ! 1952ರಲ್ಲಿ ಬ್ಲ್ಯಾಕ್ ಶಾಡೊನನ್ನು ಸೋಲಿಸಿ ಅವನ ಮುಖವಾಡ ಬಿಚ್ಚಿಸಿದ. ಬ್ಲ್ಯಾಕ್ ಶಾಡೊನ ಜೊತೆಗಾರ ಬ್ಲೂ ಡೆಮನ್, ಹೆಸರಿಗೆ ದೆವ್ವ, ಸೇಡು ತೀರಿಸಿಕೊಳ್ಳಲು ನಿಂತ. ಮರುವರ್ಷವೇ ಸಾಂತೊನಿಂದ ಪಟ್ಟ ಕಿತ್ತುಕೊಂಡ. ಸಂತ ಕೆಟ್ಟವನು, ದೆವ್ವ ಒಳ್ಳೆಯವನು! ಆಮೇಲೆ ಕಾಮಿಕ್ಸ್ ಬಂತು, ಸಿನಿಮಾ ಬಂತು, ಸಾಂತೊ ಬಡವರ ಪಾಲಿನ ನಾಯಕನಾದ. ಬ್ಲೂ ಡೆಮನ್ ಜೊತೆಗೂಡಿ ತೆರೆಯ ಮೇಲೆ ಡ್ರಾಕುಲಾನನ್ನೂ ಬಡಿದ. ಇಷ್ಟೆಲ್ಲ ಆದರೂ ಅದೇ ಬೆಳ್ಳಿ ಮುಖವಾಡ, ಅದೇ ಎರಡು ಕಣ್ಣಿನ ತೂತು. ನಮ್ಮ ನಿಮ್ಮ ಮುಖದಲ್ಲಿ ಇಷ್ಟು ಸಲೀಸಾಗಿ ಪಕ್ಷ ಬದಲಿಸೋಕಾಗುತ್ತಾ? ಎಲ್ಲೋ ಒಂದು ಕಡೆ ನಾಚಿಕೆ ಕಾಣಿಸಿಬಿಡುತ್ತದೆ. 1984ರ ಜನವರಿಯಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಅವನು ಮುಖವಾಡವನ್ನು ಒಂಚೂರು ಮೇಲೆತ್ತಿ ತೋರಿಸಿದ. ಫೆಬ್ರವರಿ 5ಕ್ಕೆ ಹೃದಯಾಘಾತದಿಂದ ತೀರಿಕೊಂಡ. ಮಣ್ಣು ಮಾಡಿದ್ದು ಮುಖವಾಡದ ಸಮೇತ.

ನಮ್ಮಲ್ಲಿ ಪೈಲ್ವಾನರ ಚಿತ್ರದ ಟ್ರಂಪ್ ಕಾರ್ಡ್ ಆಡಿ, ಕೇಬಲ್ ಟಿವಿಯಲ್ಲಿ ಅಮೆರಿಕದ WWE ಕುಸ್ತಿ ನೋಡಿ ಬೆಳೆದವರಿಗೆ ಮುಖವಾಡ ಅಂದರೆ ಪೈಲ್ವಾನ ಕೇನ್. ಬೆಂಕಿಯಲ್ಲಿ ಮುಖ ಸುಟ್ಟಿದೆ ಅನ್ನೋದು ಅವನ ಕಥೆ. 2003ರ ಜೂನ್‌ನಲ್ಲಿ ಟ್ರಿಪಲ್ ಎಚ್ ಅನ್ನೋ ಪೈಲ್ವಾನನ ಎದುರು ಸೋತು ಮುಖವಾಡ ತೆಗೆದ. ನೋಡಿದರೆ ಮುಖ ಚೆನ್ನಾಗೇ ಇತ್ತು, ಕಣ್ಣ ಸುತ್ತ ಒಂದಷ್ಟು ಮಸಿ ಅಷ್ಟೇ. 2018ರಲ್ಲಿ ಗ್ಲೆನ್ ಜೇಕಬ್ಸ್ ಅನ್ನೋ ಸ್ವಂತ ಹೆಸರಿನಲ್ಲೇ ಟೆನ್ನೆಸ್ಸಿಯ ನಾಕ್ಸ್ ಕೌಂಟಿಗೆ ಮೇಯರ್ ಆದ. 2022ರಲ್ಲಿ ಮತ್ತೆ ಗೆದ್ದ. ಅಲ್ಲಿನ ಮತದಾರರು ಪುಣ್ಯವಂತರು ಬಿಡಿ, ಮುಖವಾಡ ಕಳಚಿದ ಮೇಲೆಯೇ ಓಟು ಕೇಳಲು ಬಂದ ರಾಜಕಾರಣಿ ಸಿಕ್ಕಿದ.