ಪ್ರೇಕ್ಷಕರಿಗೆ ನೀರು ಹಾಕಿದ್ದೀರಾ?

ಒಳ್ಳೆಯ ಪ್ರೇಕ್ಷಕರು ಹೇಗಿರಬೇಕು? ಹೊತ್ತಿಗೆ ಮುಂಚೆ ಬಂದು ಕೂರಬೇಕು. ಕೆಮ್ಮಬಾರದು. ಫೋನ್ ತೆಗೆಯಬಾರದು. ‘ಏನ್ರೀ ಇದರ ಅರ್ಥ?’ ಅಂತ ಪಕ್ಕದವರನ್ನು ತಿವಿಯಬಾರದು. ಮುಖ್ಯವಾಗಿ, ಮಧ್ಯದಲ್ಲಿ ಎದ್ದು ಹೋಗಬಾರದು.

ಇಂಥವರು ಒಮ್ಮೆ ಸಿಕ್ಕಿದ್ದರು. 2020ರ ಜೂನ್ 22ರಂದು, ಬಾರ್ಸಿಲೋನಾದ ಲಿಸೆವ್ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಭವನದಲ್ಲಿ. ಅಂದು ತುಂಬಿದ ಆಸನಗಳು 2,292. ಪ್ರತಿ ಕುರ್ಚಿಯ ಮೇಲೂ ಒಂದು ಕುಂಡ, ಕುಂಡದಲ್ಲೊಂದು ಗಿಡ. ಕೋವಿಡ್ ಕಾಲದಲ್ಲಿ ಬಾಗಿಲು ಹಾಕಿದ್ದ ಭವನ ಹೀಗೆ ಮತ್ತೆ ತೆರೆಯಿತು. ನಾಲ್ವರು ಕಲಾವಿದರು ತಂತಿವಾದ್ಯಗಳಲ್ಲಿ ಇಟಲಿಯ ಸಂಗೀತಕಾರ ಪುಚಿನಿಯ ‘ಸೇವಂತಿಗೆ’ ನುಡಿಸಿದರು. ಹೆಸರು ಹೂವಿನದ್ದು, ಸಂಗೀತ ಮಾತ್ರ ಸಾವಿನ ಶೋಕದ್ದು. ಗಿಡಗಳು ಬೇಜಾರು ಮಾಡಿಕೊಳ್ಳಲಿಲ್ಲ.

ಆ ಕಾರ್ಯಕ್ರಮ ರೂಪಿಸಿದ ಕಲಾವಿದನನ್ನು ಗೇಲಿ ಮಾಡುವ ಉದ್ದೇಶ ನನಗಿಲ್ಲ. ಗಿಡಗಳನ್ನು ಆಮೇಲೆ ಆರೋಗ್ಯ ಸಿಬ್ಬಂದಿಗೆ ಕೊಟ್ಟರು, ಒಳ್ಳೆಯದೇ ಆಯಿತು. ನನಗೆ ನಗು ಬರುವುದು ಕಲಾಸಂಸ್ಥೆಗಳ ವಾರ್ಷಿಕ ವರದಿ ಬರೆಯುವವರನ್ನು ನೆನೆದು. ಅವರು ಕಲೆಯನ್ನು ಅಳೆಯುವ ರೀತಿಯಲ್ಲಿ ಅಳೆದರೆ, ಇದಕ್ಕಿಂತ ಯಶಸ್ವಿ ಸಂಗೀತ ಕಚೇರಿ ಇನ್ನೊಂದಿಲ್ಲ. ಸಭಾಂಗಣ ಭರ್ತಿ. ಎದ್ದು ಹೋದವರು ಸೊನ್ನೆ. ದೂರು ಕೊಟ್ಟವರು ಸೊನ್ನೆ. ಅನುದಾನ ಮುಂದುವರಿಸಲು ಇನ್ನೇನು ಬೇಕು?

ಬಂದವರ ತಲೆ ಎಣಿಸಿದರೆ ಕಲೆ ಗೆದ್ದಂತೆ ಎಂಬ ನಂಬಿಕೆ ಹೊಸದೇನಲ್ಲ. ರೋಮ್‌ನ ಚಕ್ರವರ್ತಿ ನೀರೋ ಇದರಲ್ಲಿ ನಮ್ಮೆಲ್ಲರ ಗುರು. ಅವನಿಗೆ ಹಾಡುವ ಹುಚ್ಚು. ಚಪ್ಪಾಳೆಗೆಂದೇ 5,000ಕ್ಕೂ ಹೆಚ್ಚು ಗಟ್ಟಿಮುಟ್ಟಾದ ಯುವಕರನ್ನು ಇಟ್ಟುಕೊಂಡಿದ್ದ ಎಂದು ಇತಿಹಾಸಕಾರ ಸ್ಯುಟೋನಿಯಸ್ ಬರೆದಿದ್ದಾನೆ. ಅವರಿಗೆ ಚಪ್ಪಾಳೆಯ ಬಗೆಗಳನ್ನೂ ಕಲಿಸಿದ್ದರಂತೆ. ಒಂದರ ಹೆಸರು ಜೇನ್ನೊಣದ ಝೇಂಕಾರ, ಇನ್ನೊಂದರದು ಹೆಂಚು, ಮತ್ತೊಂದರದು ಇಟ್ಟಿಗೆ. ದೊರೆ ಹಾಡುವಾಗ ಯಾರೂ ಹೊರಗೆ ಹೋಗುವಂತಿರಲಿಲ್ಲ. ಕೆಲವು ಹೆಂಗಸರು ಅಲ್ಲೇ ಹೆತ್ತರಂತೆ. ಕೇಳಿ ಕೇಳಿ ಸುಸ್ತಾದ ಗಂಡಸರು ಸತ್ತಂತೆ ನಟಿಸಿ ಹೆಣವಾಗಿ ಹೊರಬಿದ್ದರಂತೆ. ಪ್ರೇಕ್ಷಕರು ಕಲೆಯಲ್ಲಿ ಸಕ್ರಿಯವಾಗಿ ಪಾಲ್ಗೊಳ್ಳಬೇಕು ಎನ್ನುತ್ತಾರಲ್ಲ, ಇದಕ್ಕಿಂತ ಸಕ್ರಿಯವಾಗಿ ಹೇಗೆ ಪಾಲ್ಗೊಳ್ಳುವುದು? ಅಂದು ನಿಜವಾದ ನಟರು ಸಭಿಕರ ಸಾಲಲ್ಲೇ ಇದ್ದರು.

ನೀರೋನ ಹಾಡಿಗೆ ವೆಸ್ಪಾಸಿಯನ್ ಎಂಬ ಸೇನಾನಿ ತೂಕಡಿಸಿ ಸಿಟ್ಟಿಗೆ ಗುರಿಯಾದ. ಮುಂದೆ ಅವನೇ ಚಕ್ರವರ್ತಿಯಾದ. ಕಚೇರಿಯಲ್ಲಿ ನಿದ್ದೆ ಬರುವವರು ಧೈರ್ಯಗೆಡಬೇಕಿಲ್ಲ.

19ನೇ ಶತಮಾನದ ಪ್ಯಾರಿಸ್ಸಿಗೆ ಬಂದರೆ ಚಪ್ಪಾಳೆ ತಟ್ಟುವುದು ಪಕ್ಕಾ ವೃತ್ತಿಯೇ ಆಗಿತ್ತು. ಕ್ಲಾಕ್ ಎಂದು ಕರೆಯುತ್ತಿದ್ದ ಬಾಡಿಗೆ ಪ್ರೇಕ್ಷಕರ ತಂಡ, ಅದಕ್ಕೊಬ್ಬ ಮೇಸ್ತ್ರಿ. ನಗುವುದಕ್ಕೆ ಒಬ್ಬರು, ಕರ್ಚೀಫು ಹಿಡಿದು ಅಳುವುದಕ್ಕೆ ಒಬ್ಬರು, ‘ಒನ್ಸ್ ಮೋರ್’ ಕೂಗುವುದಕ್ಕೆ ಇನ್ನೊಬ್ಬರು. ಎಲ್ಲಿ ನಗಬೇಕು, ಎಲ್ಲಿ ಅಳಬೇಕು ಎಂದು ಮೊದಲೇ ನಿಗದಿ. ಒಂದು ಮಾತು ಒಪ್ಪಬೇಕು: ನಗಲಿಕ್ಕಾದರೂ ಅವರು ನಾಟಕದ ಕಡೆ ಗಮನ ಕೊಡಬೇಕಿತ್ತು. ಇವತ್ತು ಆಸನ ತುಂಬಿಸಲು ಪುಕ್ಕಟೆ ಪಾಸ್ ಹಂಚಿದಾಗ ಬರುವವರಿಗೆ ಆ ಕಷ್ಟವೂ ಇಲ್ಲ. ಬಂದರೆ ಸಾಕು. ಫೋಟೊದಲ್ಲಿ ತಲೆ ಕಂಡರೆ ಸಾಕು.

ಹಾಗಾದರೆ ತಾವಾಗಿಯೇ ದುಡ್ಡು ಕೊಟ್ಟು ಬರುವ ಜನ? ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂಗೆ 2018ರಲ್ಲಿ ಸುಮಾರು 1 ಕೋಟಿ 2 ಲಕ್ಷ ಮಂದಿ ಬಂದರು. ಅದರಲ್ಲಿ ದೊಡ್ಡ ಪಾಲು ನುಗ್ಗಿದ್ದು ಮೊನಾಲಿಸಾ ಕಡೆಗೆ. ಚಿತ್ರ ಇರುವುದು 77 ಸೆಂಟಿಮೀಟರ್ ಎತ್ತರ, 53 ಅಗಲ. ಅದರ ಮುಂದೆ ಹೋಗಿ ಜನ ಮೊದಲು ಮಾಡುವ ಕೆಲಸ, ಅದಕ್ಕೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುವುದು. ಪಾಪ, ಅವರನ್ನು ಬೈಯುವುದು ತಪ್ಪು. 1911ರ ಆಗಸ್ಟ್‌ನಲ್ಲಿ ಆ ಚಿತ್ರ ಕಳುವಾದಾಗ, ಮ್ಯೂಸಿಯಂ ಮತ್ತೆ ತೆರೆದ ಕೂಡಲೇ ಜನ ಸಾಲುಗಟ್ಟಿದ್ದರು. ಏನು ನೋಡಲು? ಚಿತ್ರ ತೂಗುಹಾಕಿದ್ದ ಜಾಗದ ಖಾಲಿ ಗೋಡೆ! ಆ ಸಾಲಿನಲ್ಲಿ ನಿಂತವರೂ ಲೆಕ್ಕದ ಪ್ರಕಾರ ಕಲಾಭಿಮಾನಿಗಳೇ.

ಲೆಕ್ಕ ಎಂದರೆ ಸುಮ್ನೆ ಅಲ್ಲ. ಅಮೆರಿಕದಲ್ಲಿ ಕಲೆಯಲ್ಲಿ ಜನ ಎಷ್ಟು ಪಾಲ್ಗೊಳ್ಳುತ್ತಾರೆ ಎಂದು ಸರಕಾರವೇ 1982ರಿಂದ ಆಗಾಗ ಸಮೀಕ್ಷೆ ಮಾಡುತ್ತದೆ. ಕಳೆದ 12 ತಿಂಗಳಲ್ಲಿ ನಾಟಕಕ್ಕೆ ಹೋಗಿದ್ದಿರಾ? ಬ್ಯಾಲೆಗೆ? ಒಪೆರಾಕ್ಕೆ? ಒಮ್ಮೆ ಹೋಗಿದ್ದರೂ ಹೌದು ಅನ್ನಬಹುದು. ಹೋಗಿ ಗೊರಕೆ ಹೊಡೆದಿರಾ, ಮಧ್ಯಂತರದಲ್ಲೇ ಜಾಗ ಖಾಲಿ ಮಾಡಿದಿರಾ, ಹೆಂಡತಿ ಎಳೆದುಕೊಂಡು ಹೋಗಿದ್ದಕ್ಕೆ ಹೋದಿರಾ ಎಂಬುದು ಈ ಹೌದಿನಲ್ಲಿ ಕಾಣುವುದಿಲ್ಲ. ಆದರೆ ಒಂದು ವಿಷಯದಲ್ಲಿ ಪ್ರಶ್ನೆ ಬಹಳ ಕಟ್ಟುನಿಟ್ಟು. ಶಾಲೆ ಮಕ್ಕಳ ಪ್ರದರ್ಶನ ನೋಡಿದ್ದನ್ನು ಹೇಳುವ ಹಾಗಿಲ್ಲ.

ಅಂದರೆ ಈಗ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಮಗ ಶಾಲೆಯ ನಾಟಕದಲ್ಲಿ ಕುದುರೆಯ ಹಿಂಗಾಲು. ಮುಖ ಕಾಣುವುದಿಲ್ಲ, ಮಾತಿಲ್ಲ. ಆಕೆ ಒಂದು ಗಂಟೆ ಮೊದಲೇ ಬಂದು ಮುಂದಿನ ಸಾಲು ಹಿಡಿದಿದ್ದಾರೆ. ಪೂರ್ತಿ ನಾಟಕ ಕಣ್ಣು ಮಿಟುಕಿಸದೆ ನೋಡಿದ್ದಾರೆ. ಹಿಂಗಾಲು ಎಡವಿದಾಗ ಕುರ್ಚಿಯಿಂದ ಅರ್ಧ ಎದ್ದಿದ್ದಾರೆ. ಮನೆಗೆ ಬಂದು ರಾಜನ ಮಾತು, ಮಂತ್ರಿಯ ಮಾತು ಎಲ್ಲವನ್ನೂ ಅಜ್ಜಿಗೆ ಒಪ್ಪಿಸಿದ್ದಾರೆ. ಮರುದಿನ ಸಮೀಕ್ಷೆಯವರು ಬಾಗಿಲು ತಟ್ಟಿ ಎಲ್ಲ ಕೇಳಿಸಿಕೊಂಡು, ಪೆನ್ನಿನ ಮುಚ್ಚಳ ಹಾಕುತ್ತಾ ಹೇಳುತ್ತಾರೆ: ‘ಇಲ್ಲ ಅಮ್ಮಾ, ನೀವು ಕಳೆದ ವರ್ಷ ಒಂದೂ ನಾಟಕ ನೋಡಿಲ್ಲ.’